ಎಲ್ಲರಿಗೂ ಅರವತ್ತನಾಲ್ಕು

ಏಳನೆಯ ತರಗತಿಯ ಪರೀಕ್ಷೆ ಮುಗಿದ ವಾರ ಮೈಸೂರಿನ ಆ ಮನೆಗೆ ಕೀಬೋರ್ಡ್ ಬಂತು. ಉದ್ದನೆಯ ರಟ್ಟಿನ ಡಬ್ಬ ಆಟೋದೊಳಗೆ ಹಿಡಿಸದೆ ಅರ್ಧ ಮೈ ಹೊರಗೆ ಚಾಚಿಕೊಂಡೇ ಬಂತು. ಮಗಳಿಗಿಂತ ಅಪ್ಪನಿಗೇ ಸಂಭ್ರಮ ಹೆಚ್ಚು. ಮುನ್ನೂರು ಬಗೆಯ ದನಿ, ನೂರು ಬಗೆಯ ತಾಳ, ಹೆಡ್‌ಫೋನ್ ಸಿಕ್ಕಿಸಲು ಜಾಗ ಎಂದು ಅಂಗಡಿಯ ಹುಡುಗ ಹೇಳಿದ್ದನ್ನೆಲ್ಲ ಅವರು ಮನೆಯವರ ಮುಂದೆ ಬಾಯಿಪಾಠ ಒಪ್ಪಿಸಿದರು. “ಕ್ಯಾಸಿಯೋ ತಂದ್ರಾ?” ಎಂದು ಎದುರುಮನೆಯವರು ಕಾಂಪೌಂಡಿನಾಚೆಯಿಂದಲೇ ಕೇಳಿದರು. ಅದು ಬೇರೆ ಕಂಪನಿಯದು. ಆದರೆ ವನಸ್ಪತಿಯೆಲ್ಲ ಡಾಲ್ಡಾ ಆದ ಹಾಗೆ, ಎಷ್ಟೋ ಮನೆಗಳಲ್ಲಿ ಇಂಥ ವಾದ್ಯವೆಲ್ಲ ಕ್ಯಾಸಿಯೋನೇ.

ಮೊದಲ ದಿನವೇ ಒಂದು ತೊಡಕು ಕಾಣಿಸಿತು. ಹುಡುಗಿ ಸರಿಗಮ ಒತ್ತುತ್ತ ಹೋದರೆ ಒಂದು ಸ್ವರ ಕಿವಿಗೆ ಬಡಿಯುವಷ್ಟು ಜೋರು, ಮುಂದಿನದು ಬಾವಿಯೊಳಗಿಂದ ಬಂದಂತೆ. ವಾದ್ಯದಲ್ಲೇ ಏನೋ ದೋಷವಿರಬೇಕೆಂದು ಅಪ್ಪ ಅಂಗಡಿಗೆ ಫೋನ್ ಮಾಡಿದರು. ಆಚೆಯ ಹುಡುಗ ನಕ್ಕು, “ಏನೂ ಆಗಿಲ್ಲ ಸಾರ್, ಟಚ್ ಅಂತ ಒಂದು ಬಟನ್ ಇದೆ ನೋಡಿ, ಅದನ್ನ ಆಫ್ ಮಾಡ್ಬಿಡಿ, ಸರಿಹೋಗುತ್ತೆ” ಎಂದ. ಆಫ್ ಮಾಡಿದರು. ಸರಿಯೂ ಹೋಯಿತು. ಸ್ವರಗಳೆಲ್ಲ ಅಳತೆ ಹಿಡಿದು ಕತ್ತರಿಸಿದ ಹಾಗೆ ಒಂದೇ ಸಮನಾಗಿ ಬಂದವು. ಮನೆಯವರಿಗೆಲ್ಲ ಸಮಾಧಾನವಾಯಿತು, ತಾತನೊಬ್ಬರನ್ನು ಬಿಟ್ಟು.

ತಾತ ಹುಡುಗರಾಗಿದ್ದಾಗ ಗುಬ್ಬಿ ಕಂಪನಿಯ ನಾಟಕಗಳನ್ನು ಕಂಡವರು. ನಾಟಕದ ಕಥೆಗಿಂತ ರಂಗದ ಮುಂದೆ ಕೂತ ಪೆಟ್ಟಿಗೆ ಮಾಸ್ತರರ ಬೆರಳುಗಳೇ ಅವರಿಗೆ ಹೆಚ್ಚು ನೆನಪು. ಎರಡು ವಾರ ಮೊಮ್ಮಗಳ ಅಭ್ಯಾಸ ಕೇಳಿದ ಮೇಲೆ ಒಂದು ಸಂಜೆ, “ಚೆನ್ನಾಗೇ ಬರ್ತಾ ಇದೆ ಮಗು. ಆದ್ರೆ ನೀನು ಖುಷಿಯಲ್ಲಿ ನುಡಿಸಿದ್ರೂ ಅಷ್ಟೇ, ಬೇಜಾರಲ್ಲಿ ನುಡಿಸಿದ್ರೂ ಅಷ್ಟೇ ಇದೆಯಲ್ಲ!” ಎಂದರು. ಹಳಬರ ಮಾತು ಎಂದು ಯಾರೂ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ಎಂಟು ತಿಂಗಳು ಕಳೆಯಿತು. ಹುಡುಗಿಗೆ ಎರಡೂ ಕೈ ಕೂಡಿಬಂದವು. ಒಂದು ಭಾನುವಾರ ಕೀಬೋರ್ಡ್ ಕಲಿಸುವ ಮೇಷ್ಟ್ರು ಮಕ್ಕಳನ್ನೆಲ್ಲ ತಮ್ಮ ಮನೆಗೆ ಕರೆದು, ನಡುಮನೆಯಲ್ಲಿದ್ದ ಹಳೆಯ ಪಿಯಾನೊ ಮುಂದೆ ಒಬ್ಬೊಬ್ಬರನ್ನಾಗಿ ಕೂರಿಸಿದರು. ಮನೆಯಲ್ಲಿ ನೂರು ಸಲ ತಪ್ಪಿಲ್ಲದೆ ನುಡಿಸಿದ ಪಾಠವನ್ನೇ ಆಕೆ ನುಡಿಸತೊಡಗಿದಳು. ಎರಡನೆಯ ಸ್ವರ ಕೇಳಿಸಲೇ ಇಲ್ಲ. ಬೆರಳು ಒತ್ತಿದೆ, ಕೀ ಕೆಳಗಿಳಿದಿದೆ, ಸದ್ದಿಲ್ಲ. ಗಾಬರಿಯಿಂದ ಮುಂದಿನದನ್ನು ಬಲವಾಗಿ ಒತ್ತಿದಳು. ಅದು ಪಾತ್ರೆ ಬಿದ್ದಂತೆ ಕೂಗಿತು. ಎಡಗೈ ಬಲಗೈಯನ್ನು ಮುಳುಗಿಸಿಬಿಟ್ಟಿತು. ಹಿಂದೆ ನಿಂತ ಮಕ್ಕಳು ಕಿಸಕ್ಕೆಂದರು. ಮನೆಗೆ ಬಂದವಳು ಊಟ ಬೇಡವೆಂದು ಮಲಗಿದಳು. “ಅಪ್ಪ, ನಾನು ಸರಿಯಾಗೇ ಒತ್ತಿದೆ. ಯಾವ ಕೀನೂ ತಪ್ಪಿಲ್ಲ” ಎಂದಷ್ಟೇ ಅವಳ ಮಾತು.

ಅವಳು ಹೇಳಿದ್ದು ನಿಜ. ಯಾವ ಕೀ ಎಂಬುದು ತಪ್ಪಿರಲಿಲ್ಲ. ಹೇಗೆ ಒತ್ತಬೇಕೆಂಬುದನ್ನು ಮಾತ್ರ ಎಂಟು ತಿಂಗಳಲ್ಲಿ ಯಾರೂ ಆ ಬೆರಳುಗಳನ್ನು ಕೇಳಿರಲಿಲ್ಲ, ವಾದ್ಯವೂ ಕೇಳಿರಲಿಲ್ಲ.

ಮನೆಬಾಗಿಲಿನ ಕಾಲಿಂಗ್ ಬೆಲ್ಲನ್ನು ನೆನೆದುಕೊಂಡರೆ ಇದು ಸುಲಭವಾಗಿ ತಿಳಿಯುತ್ತದೆ. ಹಾಲಿನವನು ಬೆರಳ ತುದಿಯಲ್ಲಿ ಒತ್ತಲಿ, ಮೂರು ತಿಂಗಳ ಬಾಡಿಗೆ ಬಾಕಿಯೆಂದು ಮನೆಯ ಮಾಲೀಕರು ಸಿಟ್ಟಿನಿಂದ ಗುದ್ದಲಿ, ಗಂಟೆಯ ಕೂಗು ಒಂದೇ. ಬಾಗಿಲನ್ನು ಕೈಯಿಂದ ತಟ್ಟುವುದಾದರೆ ಹಾಗಲ್ಲ. ತಟ್ಟಿದ ಬಗೆಯಲ್ಲೇ ಬಂದವರು ಯಾರು, ಯಾವ ಲಹರಿಯಲ್ಲಿದ್ದಾರೆ ಎಂಬುದು ಒಳಗಿನವರಿಗೆ ಅರ್ಧ ಗೊತ್ತಾಗಿಬಿಡುತ್ತದೆ. ಪಿಯಾನೊ ಬಾಗಿಲಿನ ಜಾತಿಯದು. ಸ್ಪರ್ಶದ ಪರಿವೆಯಿಲ್ಲದ ಕೀಬೋರ್ಡ್ ಗಂಟೆಯ ಜಾತಿಯದು. ನೋಡಲು ಎರಡರ ಮೇಲೂ ಅದೇ ಕಪ್ಪು ಬಿಳುಪು ಪಟ್ಟಿಗಳು, ಮೋಸ ಹೋಗುವುದೇ ಅಲ್ಲಿ.

ಈ ಗಂಟೆಯ ಗುಣ ವಿದ್ಯುತ್ತು ಬಂದ ಮೇಲೆ ಹುಟ್ಟಿದ್ದೇನೂ ಅಲ್ಲ. ಯುರೋಪಿನ ಚರ್ಚುಗಳ ಪೈಪ್ ಆರ್ಗನ್ನಿನಲ್ಲಿ ಕೀ ಒತ್ತುವುದೆಂದರೆ ಗಾಳಿಗೆ ಬಾಗಿಲು ತೆರೆಯುವುದು, ಅಷ್ಟೇ. ಹಾರ್ಪ್ಸಿಕಾರ್ಡ್ ಎಂಬ ತಂತಿವಾದ್ಯದಲ್ಲಿ ಹಕ್ಕಿಯ ಗರಿಯ ದಂಟಿನಿಂದ ಮಾಡಿದ ಪುಟ್ಟ ಕೊಕ್ಕು ತಂತಿಯನ್ನು ಮೀಟುತ್ತದೆ. ಬೆರಳು ಎಷ್ಟೇ ಮುನಿಸಿನಿಂದ ಬಿದ್ದರೂ ಆ ಕೊಕ್ಕು ಮೀಟುವುದು ಹೆಚ್ಚುಕಡಿಮೆ ಅಷ್ಟನ್ನೇ. ಕ್ಲಾವಿಕಾರ್ಡ್ ಎಂಬ ಇನ್ನೊಂದಿತ್ತು. ಅದರ ಕೀಯ ಹಿಂತುದಿಯ ಲೋಹದ ಚಿಕ್ಕ ತುಂಡು ತಂತಿಗೆ ತಾಗಿ ಅಲ್ಲೇ ನಿಲ್ಲುತ್ತಿದ್ದುದರಿಂದ ಬೆರಳಿನ ಅದುರು ಕೂಡ ತಂತಿಗೆ ತಲುಪುತ್ತಿತ್ತು. ಆದರೆ ಅದರ ದನಿ ಎಷ್ಟು ಕ್ಷೀಣವೆಂದರೆ ಪಕ್ಕದ ಕೋಣೆಯವರಿಗೂ ಕೇಳಿಸುವುದು ಕಷ್ಟ.

ಇಟಲಿಯ ಫ್ಲಾರೆನ್ಸಿನಲ್ಲಿ ಮೆಡಿಚಿ ಮನೆತನದ ವಾದ್ಯಗಳ ಉಸ್ತುವಾರಿ ನೋಡುತ್ತಿದ್ದ ಬಾರ್ತೊಲೊಮೆಯೊ ಕ್ರಿಸ್ತೊಫೊರಿ ಇದಕ್ಕೊಂದು ದಾರಿ ಹುಡುಕಿದ. 1700ರ ಅರಮನೆಯ ಪಟ್ಟಿಯೊಂದರಲ್ಲಿ ಅವನ ಹೊಸ ವಾದ್ಯದ ಉಲ್ಲೇಖವಿದೆ. ಅದು ಮೆಲ್ಲಗೂ ನುಡಿಯುತ್ತದೆ, ಜೋರಾಗಿಯೂ ನುಡಿಯುತ್ತದೆ ಎಂಬುದೇ ಅದರ ಹೆಗ್ಗಳಿಕೆ. ಇಟಾಲಿಯನ್ ಭಾಷೆಯಲ್ಲಿ ಮೆಲ್ಲಗೆ ಎಂಬುದಕ್ಕೆ ಪಿಯಾನೊ, ಜೋರಾಗಿ ಎಂಬುದಕ್ಕೆ ಫೋರ್ಟೆ. ಎರಡೂ ಸೇರಿ ಪಿಯಾನೊಫೋರ್ಟೆ ಆಯಿತು. ಬಳಕೆಯಲ್ಲಿ ಬಾಲ ಉದುರಿ ಈಗ ‘ಮೆಲ್ಲಗೆ’ ಮಾತ್ರ ಉಳಿದುಕೊಂಡಿದೆ. ಹೊಡೆದುಕೊಂಡು ನುಡಿಸುವವರಿಗೆ ಇದು ಗೊತ್ತಿದ್ದಂತೆ ಕಾಣುವುದಿಲ್ಲ! ಕ್ರಿಸ್ತೊಫೊರಿ ಮಾಡಿದ ಪಿಯಾನೊಗಳಲ್ಲಿ ಮೂರು ಇಂದಿಗೂ ಉಳಿದಿದ್ದು, 1720ರಲ್ಲಿ ಮಾಡಿದ್ದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿದೆ.

ಅವನ ಉಪಾಯದ ತಿರುಳು ಇಷ್ಟು. ಕೀ ಒತ್ತಿದಾಗ ಒಳಗೆ ಒಂದು ಪುಟ್ಟ ಸುತ್ತಿಗೆ ಮೇಲೇಳುತ್ತದೆ. ಬೆರಳು ಅದನ್ನು ತಂತಿಯವರೆಗೂ ಕೊಂಡೊಯ್ಯುವುದಿಲ್ಲ, ತಂತಿ ಇನ್ನೇನು ಹತ್ತಿರ ಬಂತೆನ್ನುವಾಗ ಕೈಬಿಡುತ್ತದೆ. ಅಂದರೆ ಬೆರಳು ಸುತ್ತಿಗೆಯನ್ನು ಎಸೆಯುತ್ತದೆ. ಚೆಂಡು ಕೈಯಿಂದ ಜಾರಿದ ಮೇಲೆ ಬೌಲರ್ ಏನು ಮಾಡಿದರೂ ವ್ಯರ್ಥ. ಹಾಗೆಯೇ ಇಲ್ಲಿಯೂ ಲೆಕ್ಕಕ್ಕೆ ಬರುವುದು ಎಸೆದ ವೇಗ. ವೇಗ ಹೆಚ್ಚಿದ್ದರೆ ದನಿ ಜೋರು, ಕಡಿಮೆಯಿದ್ದರೆ ಮೆಲ್ಲಗೆ. ತೀರಾ ನಿಧಾನವಾದರೆ ಸುತ್ತಿಗೆ ತಂತಿಯನ್ನು ಮುಟ್ಟದೆ ಹಿಂದಿರುಗುತ್ತದೆ. ಆ ಭಾನುವಾರ ಹುಡುಗಿಯ ಎರಡನೆಯ ಸ್ವರಕ್ಕೆ ಆದದ್ದು ಇದೇ.

ತಾತನ ಮೆಚ್ಚಿನ ಹಾರ್ಮೋನಿಯಂ ಕಥೆ ಬೇರೆ. ಅದರ ಮನೆಗಳೂ ನಿಜವಾಗಿ ಗಾಳಿಯ ಬಾಗಿಲುಗಳೇ, ಬೆರಳಿನ ವೇಗವನ್ನು ಅವು ಕೇಳುವುದಿಲ್ಲ. ಆದರೆ ಒಂದು ಕೈ ಸ್ವರ ನೋಡಿಕೊಂಡರೆ ಇನ್ನೊಂದು ಕೈ ತಿದಿ ಒತ್ತುತ್ತ ಉಸಿರು ನೋಡಿಕೊಳ್ಳುತ್ತದೆ. ಕಾಲುಪೆಟ್ಟಿಗೆಯಾದರೆ ಆ ಕೆಲಸ ಪಾದಕ್ಕೆ. ನಾಯಕಿ ಅಳುವಾಗ ಪೆಟ್ಟಿಗೆ ಅಳುತ್ತಿದ್ದದ್ದು, ರಾಜ ಗರ್ಜಿಸುವಾಗ ಗರ್ಜಿಸುತ್ತಿದ್ದದ್ದು ತಿದಿಯ ಕೃಪೆಯಿಂದ. ಒಂದೇ ಕೊರತೆ, ಒಟ್ಟಿಗೆ ಒತ್ತಿದ ಮೂರು ಸ್ವರಗಳಲ್ಲಿ ಒಂದನ್ನು ಮಾತ್ರ ಎತ್ತಿ ತೋರಿಸಲಾಗದು, ಉಸಿರು ಎಲ್ಲಕ್ಕೂ ಒಂದೇ. ಇಷ್ಟಾಗಿಯೂ 1940ರಲ್ಲಿ ಆಕಾಶವಾಣಿ ಹಾರ್ಮೋನಿಯಂಗೆ ಬಾಗಿಲು ಮುಚ್ಚಿದ್ದು ಈ ಕಾರಣಕ್ಕಲ್ಲ. ಸ್ವರದಿಂದ ಸ್ವರಕ್ಕೆ ಜಾರಲಾರದು, ಗಮಕ ಬಾರದು ಎಂಬ ಆಕ್ಷೇಪಕ್ಕೆ. 1971ರಲ್ಲಿ ಆ ನಿಷೇಧ ಸಡಿಲವಾಯಿತು.

ವಿದ್ಯುತ್ತು ವಾದ್ಯದೊಳಗೆ ಬಂದಾಗ ದನಿಯ ಏರಿಳಿತದ ಈ ಹೊಣೆಯನ್ನು ಯಾರಿಗೆ ವಹಿಸುವುದೆಂಬ ಪ್ರಶ್ನೆ ಮತ್ತೆ ಎದ್ದಿತು. 1928ರಲ್ಲಿ ಪ್ಯಾರಿಸ್ಸಿನ ಮೊರೀಸ್ ಮಾರ್ತೆನೊ ತನ್ನ ಹೆಸರಿನದೇ ಒಂದು ವಿದ್ಯುತ್ ವಾದ್ಯವನ್ನು ಜನರ ಮುಂದಿಟ್ಟ. ಆತ ಚೆಲ್ಲೊ ವಾದಕ, ಕಮಾನಿನ ರುಚಿ ಬಲ್ಲವನು. ದನಿಯ ಏರಿಳಿತವನ್ನು ಎಡಗೈಯ ಒಂದು ಗುಂಡಿಗೆ ವಹಿಸಿದ. ಆ ಗುಂಡಿಯನ್ನು ಎಷ್ಟು ಒತ್ತಿದರೆ ಅಷ್ಟು ದನಿ. ಅಮೆರಿಕದಲ್ಲಿ 1935ರಲ್ಲಿ ಮಾರುಕಟ್ಟೆಗೆ ಬಂದ ಹ್ಯಾಮಂಡ್ ಆರ್ಗನ್ ಅದನ್ನು ಪಾದದ ಕೆಳಗಿನ ಪೆಡಲಿಗೆ ಕೊಟ್ಟಿತು. ಎರಡರಲ್ಲೂ ಸ್ವರವನ್ನು ಹುಟ್ಟಿಸಿದ ಬೆರಳಿಗೆ ಅದನ್ನು ಬೆಳೆಸುವ ಅಧಿಕಾರವಿಲ್ಲ. ಹೆತ್ತವರೊಬ್ಬರು, ಸಾಕುವವರು ಇನ್ನೊಬ್ಬರು.

ಆ ಅಧಿಕಾರವನ್ನು ಅದೇ ಬೆರಳಿಗೆ ಮರಳಿಸಲು ಹೊರಟವನು ಕೆನಡಾದ ಹ್ಯೂ ಲೆ ಕೇನ್. ಈ ಕಥೆಯಲ್ಲಿ ಎಲ್ಲರಿಗಿಂತ ಹೆಚ್ಚು ಪ್ರೀತಿ ಹುಟ್ಟಿಸುವ ಮನುಷ್ಯ, ಹೆಸರು ಮಾತ್ರ ಹೆಚ್ಚಿನವರಿಗೆ ಗೊತ್ತಿಲ್ಲ. 1914ರಲ್ಲಿ ಹುಟ್ಟಿದ ಈತ ಓದಿದ್ದು ಭೌತವಿಜ್ಞಾನ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಒಟ್ಟಾವಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯಲ್ಲಿ ರೇಡಾರ್ ಕೆಲಸ ಮಾಡಿದ. ಹಗಲು ರೇಡಾರ್, ಮನಸ್ಸಿನ ತುಂಬ ಸಂಗೀತ. ಯುದ್ಧ ಮುಗಿದ 1945ರಲ್ಲೇ ಸ್ವಂತ ಖುಷಿಗೆ, ಸ್ವಂತ ಜಾಗದಲ್ಲಿ ಒಂದು ವಾದ್ಯ ಕಟ್ಟಲು ಕೂತ. 1948ರ ಹೊತ್ತಿಗೆ ಅದು ಸಿದ್ಧವಾಯಿತು. ಅದಕ್ಕೆ ಅವನಿಟ್ಟ ಹೆಸರು ಎಲೆಕ್ಟ್ರಾನಿಕ್ ಸ್ಯಾಕ್‌ಬಟ್. ಸ್ಯಾಕ್‌ಬಟ್ ಎಂದರೆ ಟ್ರೊಂಬೋನಿನ ಅಜ್ಜ, ಎಂದೋ ಮೂಲೆ ಸೇರಿದ ಊದುವ ವಾದ್ಯ. ಹೊಚ್ಚಹೊಸ ಯಂತ್ರಕ್ಕೆ ಅಂಥ ಹೆಸರಿಟ್ಟದ್ದರಲ್ಲೇ ಅವನ ತಮಾಷೆಯ ಸ್ವಭಾವ ಗೊತ್ತಾಗುತ್ತದೆ.

ಒರಟು ಮರದ ಚೌಕಟ್ಟಿನ ಮೇಲೆ ಕೂತ ಆ ಯಂತ್ರ ನೋಡಲು ಬಡಗಿಯ ಮೇಜಿನಂತಿತ್ತು. ಒಮ್ಮೆಗೆ ಒಂದೇ ಸ್ವರ. ಆದರೆ ಆ ಒಂದು ಸ್ವರದ ಮೇಲೆ ಬೆರಳಿಗಿದ್ದ ಹಿಡಿತವನ್ನು ಕೇಳಬೇಕು. ಕೀಯನ್ನು ಅದುಮಿದಷ್ಟೂ ದನಿ ಏರುತ್ತಿತ್ತು, ಸಡಿಲಿಸಿದಷ್ಟೂ ಇಳಿಯುತ್ತಿತ್ತು. ಪಿಯಾನೊದಲ್ಲಿ ಸುತ್ತಿಗೆ ಹೊಡೆದಾದ ಮೇಲೆ ಬೆರಳು ಆ ಸ್ವರವನ್ನು ಬೆಳೆಸಲಾರದು. ಇಲ್ಲಿ ಹಾಗಲ್ಲ, ಸ್ವರ ಹುಟ್ಟಿದ ಮೇಲೂ ಬೆರಳಿನ ಕೈಯಲ್ಲೇ ಇತ್ತು, ಹಾಡುವವರ ಉಸಿರಿನಂತೆ, ಪಿಟೀಲಿನ ಕಮಾನಿನಂತೆ. ಅದೇ ಕೀಯನ್ನು ಪಕ್ಕಕ್ಕೆ ಒತ್ತಿದರೆ ಸ್ವರ ಕೊಂಚ ಮೇಲಕ್ಕೋ ಕೆಳಕ್ಕೋ ಸರಿಯುತ್ತಿತ್ತು. ಎಡಗೈಯ ಬೆರಳುಗಳಿಗೆ ಬೇರೆ ಕೆಲಸ. ನಾದದ ಬಣ್ಣವನ್ನೇ ಬದಲಿಸಿ ಅದನ್ನು ಕೊಳಲಿನಂತೆ ತೆಳ್ಳಗೋ ಕಹಳೆಯಂತೆ ಗಡುಸಾಗಿಯೋ ಮಾಡುವುದು. ಕಂಪ್ಯೂಟರು ಮನೆಮಾತಾಗುವುದಕ್ಕೆ ಎಷ್ಟೋ ಮೊದಲು, ವಾಲ್ವುಗಳ ಕಾಲದಲ್ಲಿ ಒಬ್ಬನೇ ಮನುಷ್ಯ ಇಷ್ಟನ್ನು ಮಾಡಿದ್ದ.

ಮುಂದೆ ನಾಲ್ಕು ವರ್ಷ ಇಂಗ್ಲೆಂಡಿನಲ್ಲಿ ಪರಮಾಣು ಭೌತವಿಜ್ಞಾನ ಓದಿ ಬಂದ. 1954ರಿಂದ ಮಂಡಳಿ ಅವನಿಗೆ ಸಂಗೀತ ವಾದ್ಯಗಳ ಕೆಲಸವನ್ನೇ ಪೂರ್ಣಾವಧಿಗೆ ವಹಿಸಿತು. ಸರ್ಕಾರಿ ಸಂಶೋಧನಾಲಯವೊಂದು ವಿಜ್ಞಾನಿಯೊಬ್ಬನಿಗೆ ಸಂಬಳ ಕೊಟ್ಟು ವಾದ್ಯ ಮಾಡಿಸಿದ್ದು ಸಣ್ಣ ಸಂಗತಿಯಲ್ಲ. ಮರುವರ್ಷ ಆತ ನೀರಿನ ಒಂದೇ ಒಂದು ಹನಿ ಬಿದ್ದ ಸದ್ದನ್ನು ಟೇಪಿಗೆ ಹಿಡಿದು, ಟೇಪಿನ ವೇಗ ಹಿಗ್ಗಿಸಿ ಕುಗ್ಗಿಸಿ ಇಡೀ ಒಂದು ಸಂಗೀತ ಕೃತಿಯನ್ನೇ ಕಟ್ಟಿದ. ಅದೇ ದಶಕದಲ್ಲಿ ಒಂದೊಂದು ಕೀಯೂ ತನ್ನ ಮೇಲಿನ ಒತ್ತಡಕ್ಕೆ ತಾನೇ ಓಗೊಡುವ ಸ್ಪರ್ಶಸಂವೇದಿ ಆರ್ಗನ್ ಮಾಡಿದ. ಮೂರು ಕೀ ಒಟ್ಟಿಗೆ ಒತ್ತಿ, ನಡುವಿನದನ್ನು ಮಾತ್ರ ತುಸು ಅದುಮಿ ಎತ್ತಿ ತೋರಿಸಬಹುದಿತ್ತು. ಹಾರ್ಮೋನಿಯಮ್ಮಿನ ತಿದಿಯಿಂದ ಆಗದ ಕೆಲಸ. ಆದರೆ ಅದು ಅಂಗಡಿಗೆ ಬರಲಿಲ್ಲ. ಸ್ಯಾಕ್‌ಬಟ್ಟನ್ನು ಹೊಸ ರೂಪದಲ್ಲಿ ಮಾರುವ ಪ್ರಯತ್ನ 1970ರ ದಶಕದ ಆರಂಭದಲ್ಲಿ ನಡೆದರೂ ಕೈಗೂಡಲಿಲ್ಲ. ಮೋಟಾರ್ ಸೈಕಲ್ ಅಪಘಾತದಲ್ಲಿ ಗಾಯಗೊಂಡು 1977ರಲ್ಲಿ ಲೆ ಕೇನ್ ತೀರಿಕೊಂಡ. ಅವನ ಸ್ಯಾಕ್‌ಬಟ್ ಒಟ್ಟಾವಾದ ವಿಜ್ಞಾನ ಮತ್ತು ತಂತ್ರಜ್ಞಾನ ವಸ್ತುಸಂಗ್ರಹಾಲಯದ ಪಾಲಾಯಿತು.

ಜಗತ್ತು ಅವನ ದಾರಿ ಹಿಡಿಯದೆ ಅಗ್ಗದ ದಾರಿ ಹಿಡಿಯಿತು. ಆ ಅಗ್ಗದ ದಾರಿಯೂ ಜಾಣತನದ್ದೇ. ಇಂದಿನ ಹೆಚ್ಚಿನ ಸ್ಪರ್ಶಸಂವೇದಿ ಕೀಬೋರ್ಡುಗಳು ಬೆರಳಿನ ಬಲವನ್ನು ಅಳೆಯುವುದೇ ಇಲ್ಲ. ಅವು ಅಳೆಯುವುದು ಕಾಲವನ್ನು. ಪ್ರತಿ ಕೀಯ ಕೆಳಗೆ ಒಂದರ ಬದಲು ಎರಡು ಸ್ವಿಚ್ಚುಗಳಿರುತ್ತವೆ. ಕೀ ಇಳಿಯುವಾಗ ಒಂದು ಮೊದಲು ಮುಚ್ಚುತ್ತದೆ, ಇನ್ನೊಂದು ಆಮೇಲೆ. ಈ ಎರಡರ ನಡುವೆ ಎಷ್ಟು ಹೊತ್ತು ಹೋಯಿತೆಂದು ಒಳಗಿನ ಚಿಪ್ ಎಣಿಸುತ್ತದೆ. ಜೋರಾಗಿ ಹೊಡೆದರೆ ಸೆಕೆಂಡಿನ ಸಾವಿರದ ಕೆಲವೇ ಪಾಲು, ಮೆಲ್ಲಗೆ ಒತ್ತಿದರೆ ಅದರ ಹತ್ತಾರು ಪಟ್ಟು. ದೂರ ಗೊತ್ತಿದೆ, ಹಿಡಿದ ಕಾಲವೂ ಗೊತ್ತಾಯಿತು, ವೇಗ ಎಷ್ಟೆಂದು ಆರನೆಯ ಕ್ಲಾಸಿನ ಮಕ್ಕಳೂ ಹೇಳಬಲ್ಲರು. ಕ್ರಿಸ್ತೊಫೊರಿಯ ಸುತ್ತಿಗೆ ಕೇಳಿದ ಪ್ರಶ್ನೆಯನ್ನೇ ಇಲ್ಲಿ ರಬ್ಬರಿನ ಎರಡು ಬಿಲ್ಲೆಗಳು ಕೇಳುತ್ತವೆ. (ಈ ಬಿಲ್ಲೆಗಳ ಕೆಳಗೆ ಧೂಳು ಕೂತರೆ ಲೆಕ್ಕ ತಪ್ಪಿ, ಹೂವಿನಂತೆ ಮುಟ್ಟಿದ ಕೀ ಕೂಡ ಪಟಾಕಿಯಂತೆ ಸಿಡಿಯುತ್ತದೆ. ಬೀದಿ ಬದಿಯ ಮನೆಯವರು ವಾದ್ಯದ ಮೇಲೊಂದು ಬಟ್ಟೆ ಹೊದಿಸಿಡುವುದು ಒಳ್ಳೆಯದು.)

ಹೀಗೆ ಸಿಕ್ಕ ವೇಗವನ್ನು ಅಂಕಿಯಾಗಿ ಬರೆಯಬೇಕಲ್ಲ. 1983ರಲ್ಲಿ ಅಮೆರಿಕ ಮತ್ತು ಜಪಾನಿನ ವಾದ್ಯ ತಯಾರಕರು ಕೂಡಿ ಮಿಡಿ ಎಂಬ ಒಂದು ಸಾಮಾನ್ಯ ಭಾಷೆಯನ್ನು ಬಳಕೆಗೆ ತಂದರು. ಒಂದು ಕಂಪನಿಯ ಕೀಬೋರ್ಡ್ ಇನ್ನೊಂದು ಕಂಪನಿಯ ವಾದ್ಯದೊಡನೆ ಮಾತಾಡಲು ಬೇಕಾದ ಭಾಷೆ. ಅದರಲ್ಲಿ ಪ್ರತಿ ಸ್ವರದ ಜೊತೆಗೂ ಮೂರು ಸಂಗತಿಗಳು ಹೋಗುತ್ತವೆ. ಯಾವ ಚಾನೆಲ್ಲಿನಲ್ಲಿ ಸ್ವರ ಶುರುವಾಯಿತು, ಯಾವ ಕೀ, ಎಷ್ಟು ವೇಗ. ವೇಗಕ್ಕೆ 1ರಿಂದ 127ರವರೆಗೆ ಅಂಕ. ಸೊನ್ನೆ ಬಂದರೆ ಸ್ವರ ನಿಂತಿತೆಂದು ಅರ್ಥ.

ಹಾಗಾದರೆ ವೇಗವನ್ನೇ ಅಳೆಯದ ಕೀಬೋರ್ಡ್ ಏನು ಬರೆಯಬೇಕು? ಖಾಲಿ ಬಿಡುವಂತಿಲ್ಲ. ಅದಕ್ಕೂ ನಿಯಮದಲ್ಲಿ ಉತ್ತರವಿದೆ. ಅಂಥ ವಾದ್ಯ ಪ್ರತಿ ಸಲವೂ ಅರವತ್ತನಾಲ್ಕು ಎಂದು ಬರೆಯಬೇಕು. ಮಗು ಸಿಟ್ಟಿನಿಂದ ಗುದ್ದಿತೇ, 64. ಹೆದರಿ ಮುಟ್ಟಿತೇ, 64. ಬೆಕ್ಕು ನಡೆದುಹೋಯಿತೇ, ಅದಕ್ಕೂ 64. ಉತ್ತರಪತ್ರಿಕೆ ಬಿಚ್ಚಿಯೂ ನೋಡದೆ ಇಡೀ ತರಗತಿಗೆ ಒಂದೇ ಅಂಕ ಹಾಕಿ ಕಳಿಸುವ ಮೇಷ್ಟ್ರು ಇದ್ದರೆ ಹೀಗೆಯೇ. ಅದೂ ಫಸ್ಟ್ ಕ್ಲಾಸ್! ಮಕ್ಕಳಿಗೂ ತಂದೆತಾಯಿಗೂ ಯಾವ ತಕರಾರೂ ಇರುವುದಿಲ್ಲ, ಬೇರೆ ಶಾಲೆಯ ಪರೀಕ್ಷೆಗೆ ಕೂರುವವರೆಗೆ. ಆ ಮನೆಯಲ್ಲಿ ಟಚ್ ಬಟನ್ ಆಫ್ ಮಾಡಿದ ದಿನದಿಂದ ನಡೆದದ್ದೂ ಇದೇ.

ಸ್ಪರ್ಶ ಬಲ್ಲ ವಾದ್ಯಗಳು ಒಂದು ಕಾಲಕ್ಕೆ ಶ್ರೀಮಂತರ ಸೊತ್ತು. 1977ರ ಸುಮಾರಿಗೆ ಬಂದ ಯಮಹಾ ಕಂಪನಿಯ ಸಿಎಸ್-80ರಲ್ಲಿ, ಲೆ ಕೇನ್ ಬಯಸಿದಂತೆ, ಒತ್ತಿ ಹಿಡಿದ ಒಂದೊಂದು ಕೀಯೂ ಬೇರೆ ಬೇರೆಯಾಗಿ ಒತ್ತಡವನ್ನು ಗುರುತಿಸುತ್ತಿತ್ತು. ತೂಕ ಮಾತ್ರ ಸುಮಾರು ನೂರು ಕಿಲೋ, ಒಂದು ಮೂಟೆ ಅಕ್ಕಿ. ಗ್ರೀಸಿನ ವಾಂಗೆಲಿಸ್ 1982ರ ‘ಬ್ಲೇಡ್ ರನ್ನರ್’ ಚಿತ್ರಕ್ಕೆ ಕೊಟ್ಟ ಸಂಗೀತದಲ್ಲಿ ಅದರ ದನಿ ಏಳುತ್ತ ಬೀಳುತ್ತ ನರಳುವುದನ್ನು ಕೇಳಬಹುದು. ಅದೇ ಕಂಪನಿ 1983ರಲ್ಲಿ ತಂದ ಡಿಎಕ್ಸ್-7 ಹಗುರ, ಬೆಲೆಯೂ ಅಷ್ಟು ದುಬಾರಿಯಲ್ಲ. ಬೆರಳಿನ ವೇಗಕ್ಕೆ ತಕ್ಕಂತೆ ಅದರಲ್ಲಿ ದನಿಯ ಪ್ರಮಾಣವಷ್ಟೇ ಅಲ್ಲ, ಗುಣವೂ ಬದಲಾಗುತ್ತಿತ್ತು. ಅಲ್ಲಿಂದ ಮುಂದೆ ಎರಡು ಸ್ವಿಚ್ಚಿನ ಉಪಾಯ ಕೆಳಗಿಳಿಯುತ್ತ ಇಳಿಯುತ್ತ ಮಧ್ಯಮ ವರ್ಗದ ಮನೆಗಳನ್ನೂ ತಲುಪಿತು. 2020ರಲ್ಲಿ ಬಂದ ಮಿಡಿಯ ಎರಡನೆಯ ಆವೃತ್ತಿಯಲ್ಲಿ 127ರ ಬದಲು 65,536 ಮೆಟ್ಟಿಲುಗಳಿಗೆ ಜಾಗವಿದೆ. ಅಷ್ಟನ್ನು ಬೇರೆಬೇರೆಯಾಗಿ ನುಡಿಸುವ ಬೆರಳು ಎಲ್ಲಿದೆಯೋ ದೇವರೇ ಬಲ್ಲ.

ಲೆ ಕೇನನ ಪಕ್ಕಕ್ಕೆ ಸರಿಯುವ ಕೀ ಮಾತ್ರ ಸಾಮಾನ್ಯ ಕೀಬೋರ್ಡಿಗೆ ಬರಲೇ ಇಲ್ಲ. ಅದರ ಬದಲು ಎಡಬದಿಯಲ್ಲಿ ಒಂದು ಚಕ್ರ ಬಂತು. ತಿರುಗಿಸಿದರೆ ಸ್ವರ ಬಾಗುತ್ತದೆ. ಕೀಬೋರ್ಡಿನಲ್ಲಿ ಕರ್ನಾಟಕ ಸಂಗೀತ ನುಡಿಸುವವರು ಈ ಚಕ್ರವನ್ನೇ ಗಮಕಕ್ಕೆ ದುಡಿಸಿಕೊಂಡಿದ್ದಾರೆ. ಬಲಗೈ ಸ್ವರ ಹಿಡಿದರೆ ಎಡಗೈ ಅದನ್ನು ಅಲುಗಿಸುತ್ತದೆ. ಮತ್ತೆ ಹಾರ್ಮೋನಿಯಮ್ಮಿನ ಹಂಚಿಕೆಯೇ ಬಂತು. ಒಂದೊಂದು ಬೆರಳೂ ತನ್ನ ಸ್ವರವನ್ನು ತಾನೇ ಬಾಗಿಸಬಲ್ಲ ವಾದ್ಯಗಳಿಗಾಗಿ 2018ರಲ್ಲಿ ಮಿಡಿಯೊಳಗೇ ಹೊಸ ನಿಯಮ ಸೇರಿದೆ. ಅಂಥವು ಇನ್ನೂ ತುಟ್ಟಿ. ಇದ್ದಿದ್ದರೆ 1940ರ ಆಕ್ಷೇಪಕ್ಕೆ ಆಕಾಶವಾಣಿಯವರು ಬೇರೆ ಕಾರಣ ಹುಡುಕಬೇಕಾಗುತ್ತಿತ್ತೇನೋ.

ಅದಿರಲಿ. ಆ ಭಾನುವಾರದ ಮರುದಿನ ಅಪ್ಪ ಮೇಷ್ಟ್ರ ಮನೆಗೆ ಹೋದರು. ಮಗಳಿಗೆ ಕೈ ಬರುವುದಿಲ್ಲವೇನೋ, ಬಿಡಿಸಿಬಿಡೋಣವೇ ಎಂದು ಕೇಳಲು. ಮೇಷ್ಟ್ರು ಉತ್ತರ ಹೇಳದೆ, “ಮನೇಲಿರೋ ಕೀಬೋರ್ಡಲ್ಲಿ ಟಚ್ ಇದೆಯಾ ಸಾರ್?” ಎಂದರು. ಇದೆ, ಆದರೆ ಆಫ್ ಮಾಡಿದ್ದೇವೆ, ದನಿ ಒಂದೇ ಸಮ ಬರುತ್ತಿರಲಿಲ್ಲ ಎಂದು ಅಪ್ಪ ವಿವರಿಸಿದರು. ಹೇಳುತ್ತ ಹೇಳುತ್ತ ಅವರ ದನಿ ತಾನಾಗಿ ಇಳಿಯಿತು. ಮೇಷ್ಟ್ರು ನಗಲಿಲ್ಲ. “ದನಿ ಒಂದೇ ಸಮ ಬರ್ತಿರ್ಲಿಲ್ಲ ಅಂದ್ರೆ ಬೆರಳು ಒಂದೇ ಸಮ ಇರ್ಲಿಲ್ಲ ಅಂತ. ಅದು ರಿಪೇರಿ ಮಾಡೋ ವಿಷಯ ಅಲ್ಲ ಸಾರ್, ಕಲಿಸೋ ವಿಷಯ. ಆಫ್ ಮಾಡಿ ಅಂದವರದ್ದೂ ತಪ್ಪಿಲ್ಲ ಬಿಡಿ. ಅವರಿಗೆ ದಿನಾ ಬರೋ ಫೋನೇ ಅದು” ಎಂದರು.

ಹೊಸದಾಗಿ ಕೊಳ್ಳುವವರು ಏನು ನೋಡಬೇಕೆಂದು ಅಪ್ಪ ಕೇಳಿದರು. ಎರಡನೆಯ ಮಗನಿಗೂ ಆಸೆಯಿತ್ತು. ಮುನ್ನೂರು ದನಿ ಎಣಿಸುವುದಕ್ಕೆ ಮೊದಲು ಒಂದೇ ಕೀಯನ್ನು ಒಮ್ಮೆ ನಿಧಾನವಾಗಿ, ಒಮ್ಮೆ ಥಟ್ಟನೆ ಒತ್ತಿ ನೋಡಿ ಎಂದರು ಮೇಷ್ಟ್ರು. ದನಿ ಬದಲಾಗದಿದ್ದರೆ ಟಚ್ ಆಫ್ ಇದೆಯೇ ಅಥವಾ ಇಲ್ಲವೇ ಇಲ್ಲವೇ ಎಂದು ಕೇಳಿ. ಇದ್ದರೆ, ಹಗುರ, ಮಧ್ಯಮ, ಗಡುಸು ಎಂದು ಅದರಲ್ಲಿ ಹಂತಗಳಿರುತ್ತವೆ, ಚಿಕ್ಕ ಮಕ್ಕಳ ಕೈಗೆ ಹಗುರದಿಂದ ಶುರುಮಾಡಬಹುದು. ಮುಂದೆ ಪಿಯಾನೊವನ್ನೇ ಕಲಿಯುವುದಾದರೆ ಭಾರದ ಕೀಗಳ ವಾದ್ಯ ಬೇಕಾಗುತ್ತದೆ. ಈಗಲೇ ಅದಕ್ಕೆ ಸಾಲ ಮಾಡಬೇಡಿ ಎಂದೂ ಸೇರಿಸಿದರು. ಇಷ್ಟು ನೇರವಾಗಿ ಮಾತಾಡುವ ಮೇಷ್ಟ್ರು ಸಿಗುವುದೇ ಪುಣ್ಯ.

ಅಂದು ಸಂಜೆ ಅಪ್ಪ ತಾವೇ ಬಟನ್ ಆನ್ ಮಾಡಿದರು. ಮಗಳಿಗೆ ಏನು ಹೇಳಬೇಕೆಂದು ತಿಳಿಯದೆ, “ಪುಟ್ಟಿ, ಇದನ್ನ ಆಫ್ ಮಾಡಿದ್ದು ನಾನು. ನಿನ್ನ ತಪ್ಪಲ್ಲ” ಎಂದರು. ಅವಳು ಬಿಗುಮಾನದಿಂದಲೇ ಕೂತಳು. ಮೊದಲ ವಾರ ಕೇಳಲು ಹಿಂಸೆಯೇ. ಎಂಟು ತಿಂಗಳ ನುಣುಪೆಲ್ಲ ಹೋಗಿ ಹಳ್ಳಕೊಳ್ಳದ ರಸ್ತೆಯಂತಾಯಿತು. ಹೆಬ್ಬೆರಳು ಕೂಗಾಡಿತು, ಕಿರುಬೆರಳು ಪಿಸುಗುಟ್ಟಿತು. “ಮೊದ್ಲೇ ಚೆನ್ನಾಗಿತ್ತಲ್ಲ” ಎಂದು ಅಮ್ಮ ಅಡುಗೆಮನೆಯಿಂದ ಎರಡು ಸಲ ಅಂದರು. ಹುಡುಗಿ ಒಂದು ದಿನ ಸಿಟ್ಟಿನಿಂದ ಬಟನ್ ಆಫ್ ಮಾಡಿ ನುಡಿಸಿದಳು. ಎಲ್ಲ ಸಲೀಸು. ನಾಲ್ಕು ಸಾಲು ನುಡಿಸಿ ತಾನೇ ಮತ್ತೆ ಆನ್ ಮಾಡಿಕೊಂಡಳು. ಯಾರೂ ಹೇಳಿರಲಿಲ್ಲ.

ಮೂರನೆಯ ವಾರದ ಹೊತ್ತಿಗೆ ಎಡಗೈ ತಗ್ಗಿ ನಡೆಯುವುದನ್ನು ಕಲಿಯಿತು, ಬಲಗೈಯ ರಾಗ ಮೇಲೆ ಕೇಳಿಸತೊಡಗಿತು. ಉಂಗುರಬೆರಳು ಮಾತ್ರ ಸತಾಯಿಸುತ್ತಿದೆ. ಮೇಷ್ಟ್ರು ಪುಸ್ತಕದಲ್ಲಿ ಆ ಸ್ವರದ ಸುತ್ತ ಪೆನ್ಸಿಲಿನಿಂದ ಸುತ್ತು ಹಾಕಿ ಕೊಟ್ಟಿದ್ದಾರೆ. ನಿನ್ನೆ ಅದನ್ನು ಹನ್ನೊಂದನೆಯ ಸಲ ನುಡಿಸುತ್ತಿದ್ದಾಗ ಜಗಲಿಯಲ್ಲಿ ಪೇಪರ್ ಹಿಡಿದು ಕೂತಿದ್ದ ತಾತ ಕನ್ನಡಕ ತೆಗೆದು, “ಮಗೂ, ಪಂಚಮ ಬಂತು, ಗಾಂಧಾರ ಬಂತು. ಆ ಮಧ್ಯಮ ಎಲ್ಲಿ ಹೋಯ್ತು?” ಎಂದು ಕೂಗಿದರು.

“ಬರ್ತಾ ಇದೆ ಇರಿ ತಾತ” ಎಂದು ಒಳಗಿನಿಂದ ಉತ್ತರ ಬಂತು.